ಒದ್ದೆ ಬಟ್ಟೆಯನ್ನು ಮೊದಲು ಕೆಳಗಿಡಿ

ಪ್ರಶ್ನೆ: ಮಗ ಕಟ್ಟಿದ ಲೆಗೊ ಕೋಟೆ ಎರಡು ವರ್ಷದಿಂದ ಟಿ.ವಿ. ಪಕ್ಕದಲ್ಲಿದೆ. ಸಂದುಗಳಲ್ಲಿ ಧೂಳು ಕೂತು ಕಪ್ಪಾಗಿದೆ. ಬಿಚ್ಚದೆಯೇ ತೊಳೆಯಬಹುದೇ?
– ಓದುಗರು, ಬಿಜೈ, ಮಂಗಳೂರು

ಉತ್ತರ: ತೊಳೆಯಬಹುದು, ಆದರೆ ದೊಡ್ಡ ದೊಡ್ಡ ಭಾಗಗಳಾಗಿ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಒಳಗೆ ನಿಂತ ನೀರು ನಮ್ಮ ಹವೆಯಲ್ಲಿ ವಾರವಾದರೂ ಆರುವುದಿಲ್ಲ. ಆ ಇಟ್ಟಿಗೆಗಳು ಎ.ಬಿ.ಎಸ್. ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು, ನೀರಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಬಿಸಿಗೆ. ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದು ತಯಾರಕರೇ ಹೇಳುತ್ತಾರೆ. ಕೈಗೆ ಉಗುರು ಬೆಚ್ಚಗೆ ಅನ್ನಿಸಿದರೆ ಸಾಕು. ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ, ಮೆತ್ತಗಿನ ಟೂತ್‌ಬ್ರಶ್, ಆಮೇಲೆ ಬೈರಾಸಿನ ಮೇಲೆ ಹರಡಿ ಫ್ಯಾನಿನ ಗಾಳಿ. ಬಿಸಿಲಿಗೆ ಇಡಬೇಡಿ, ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಸ್ಟಿಕ್ಕರ್ ಅಂಟಿಸಿದ ತುಂಡುಗಳನ್ನೂ ಬ್ಯಾಟರಿ, ಮೋಟಾರ್ ಇರುವವನ್ನೂ ನೀರಿಗೆ ಇಳಿಸಲೇಬೇಡಿ.

ಪ್ರಶ್ನೆ: ಅಕ್ಕಾ, ನನ್ನ ಅಪ್ಪ ಬ್ಯಾಂಕಿನಲ್ಲಿದ್ದರು. ವರ್ಗವಾದ ಊರಿನಿಂದೆಲ್ಲ ಒಂದೊಂದು ಆಟಿಕೆ ತರುವುದು ಅವರ ರೂಢಿ. ಚನ್ನಪಟ್ಟಣದ ಗೊಂಬೆಗಳು, ಕಿನ್ನಾಳದ ಒಂದು ಹಸು, ಕೊಂಡಪಲ್ಲಿಯ ಎತ್ತಿನ ಗಾಡಿ, ತಂಜಾವೂರಿನ ತಲೆಯಾಡಿಸುವ ಗೊಂಬೆ, ಮೂವತ್ತರಷ್ಟು ಲೋಹದ ಪುಟ್ಟ ಕಾರುಗಳು, ಎಲ್ಲ ಸೇರಿ 86. ಅವರು ತೀರಿಕೊಂಡ ಮೇಲೆ ಹಾಲ್‌ನ ತೆರೆದ ಶೆಲ್ಫಿನಲ್ಲಿ ಜೋಡಿಸಿದ್ದೇನೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಎರಡೇ ದಿನಕ್ಕೆ ಮತ್ತೆ ಧೂಳು. ಚನ್ನಪಟ್ಟಣದವು ಮಂಕಾಗಿವೆ, ಕಿನ್ನಾಳದ ಹಸುವಿನ ಕಾಲಿನ ಬಳಿ ಬಣ್ಣ ಎದ್ದಿದೆ, ಕಾರುಗಳ ಅಡಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ. ಗಾಜಿನ ಕಪಾಟು ಮಾಡಿಸಲೇ? ನುಸಿಗುಳಿಗೆ ಇಡಬಹುದೇ?
– ಓದುಗರು, ಕುಂಜಿಬೆಟ್ಟು, ಉಡುಪಿ

ಉತ್ತರ: ತಂಗೀ, ಮೊದಲು ಆ ಒದ್ದೆ ಬಟ್ಟೆಯನ್ನು ಕೆಳಗಿಡಿ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಅದರಿಂದಲೇ ಬಂದವು ಎಂದು ನನಗೆ ಅನ್ನಿಸುತ್ತದೆ. ಬೇಸರಪಡಬೇಡಿ. ವಾರ ತಪ್ಪದೆ 86 ಆಟಿಕೆಗಳನ್ನು ಕೈಗೆತ್ತಿಕೊಂಡ ನಿಮ್ಮ ಪ್ರೀತಿ ದೊಡ್ಡದು. ಆದರೆ ನಮ್ಮ ಕರಾವಳಿಯ ಧೂಳು ಘಟ್ಟದ ಮೇಲಿನ ಧೂಳಿನಂತಲ್ಲ.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಡುಗೆಮನೆಯ ಕಲ್ಲುಪ್ಪು ನೀರೊಡೆಯುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದಕ್ಕಿಂತ ಕಡಿಮೆ ಇರುವ ದಿನಗಳೇ ಅಪರೂಪ. ಮಲ್ಪೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಅದೇ ಉಪ್ಪು ಕಣ್ಣಿಗೆ ಕಾಣದಷ್ಟು ಸಣ್ಣಗೆ ತೇಲಿ ಬರುತ್ತದೆ. ಅದಕ್ಕೆ ಮುರಕಲ್ಲಿನ ಕೆಂಪು ಹುಡಿ, ಬಟ್ಟೆಬರೆಯ ಎಳೆಗಳು, ಒಗ್ಗರಣೆಯ ಎಣ್ಣೆ ಹಬೆ, ದೇವರ ದೀಪದ ಮಸಿ ಎಲ್ಲ ಸೇರುತ್ತದೆ. ಮೇ ತಿಂಗಳಲ್ಲಿ ಊದಿದರೆ ಹಾರಿಹೋಗುವ ಧೂಳು ಜುಲೈ ಹೊತ್ತಿಗೆ ಅಂಟಿನಂತೆ ಹಿಡಿದುಕೊಳ್ಳುತ್ತದೆ, ಬೂಸ್ಟಿಗೂ ಅದೇ ಆಹಾರ. ಒದ್ದೆ ಬಟ್ಟೆ ಆ ಧೂಳನ್ನು ಕೆಸರು ಮಾಡಿ ಸಂದುಗಳಿಗೆ ತುಂಬುತ್ತದೆ. ಕೆಂಪು ಹುಡಿಯ ಹರಳು ಮರಳುಕಾಗದದಂತೆ ಬಣ್ಣವನ್ನು ಗೀರುತ್ತದೆ.

ಹಾಗಾಗಿ ಒಣ ಕೆಲಸ ಮೊದಲು. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ, ಒತ್ತಿದರೆ ಗಾಳಿ ಊದುವ ರಬ್ಬರ್ ಬುರುಡೆ ಒಂದು, ಮೆತ್ತಗಿನ ಕೂದಲಿನ ಚಿತ್ರ ಬರೆಯುವ ಕುಂಚ ಎರಡು, ಹಳೆಯ ಹತ್ತಿ ಪಂಚೆಯ ತುಂಡುಗಳು, ಇಷ್ಟಿದ್ದರೆ ಸಾಕು. ಬಾಯಿಂದ ಊದಬೇಡಿ, ಉಗುಳಿನ ತೇವ ಬೀಳುತ್ತದೆ. ಆಟಿಕೆಯನ್ನು ಒಂದು ಕೈಯಲ್ಲಿ ಓರೆಯಾಗಿ ಹಿಡಿದು, ಮೇಲಿನಿಂದ ಕೆಳಗೆ ಕುಂಚ ಆಡಿಸಿ. ಧೂಳು ಆಟಿಕೆಯಿಂದ ಆಚೆ ಬೀಳಬೇಕು. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಸಾಕು. ಅದೇ ದಿನ ಫ್ಯಾನಿನ ರೆಕ್ಕೆಗಳನ್ನು ಮೊದಲು ಒರೆಸಿಬಿಡಿ. ಹಾಲ್ ಗುಡಿಸಿ ಒಂದು ಗಂಟೆಯಾದರೂ ಕಳೆಯಲಿ, ಏಕೆಂದರೆ ಗುಡಿಸುವಾಗ ಎದ್ದ ಹುಡಿ ಅಷ್ಟು ಹೊತ್ತು ಗಾಳಿಯಲ್ಲೇ ಇರುತ್ತದೆ.

ಇನ್ನು ಒಂದೊಂದರ ಮೈ ಒಂದೊಂದು ಬಗೆ. ಚನ್ನಪಟ್ಟಣದ ಗೊಂಬೆಯ ಮೇಲಿರುವುದು ಪೇಂಟ್ ಅಲ್ಲ, ಅರಗು. ಹಾಲೆ ಮರದ ತುಂಡನ್ನು (ಆಟಿ ಅಮಾವಾಸ್ಯೆಯಂದು ನಾವು ತೊಗಟೆಯ ಕಷಾಯ ಕುಡಿಯುವ ಹಾಲೆ ಅಲ್ಲ, ಇದು ಬೇರೆ ಮರ) ಲೇತ್‌ನಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಎಲೆಗರಿಯಿಂದ ತೀಡಿ ಹೊಳಪು ಬರಿಸುತ್ತಾರೆ. ಅರಗಿಗೆ ಇಬ್ಬರು ಶತ್ರುಗಳು, ಒಂದು ಬಿಸಿ, ಇನ್ನೊಂದು ಸ್ಪಿರಿಟ್ (ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಅದೇ ಜಾತಿಯದು).

ಎರಡನೆಯದನ್ನು ನಾನು ಕಲಿತದ್ದು 2020ರಲ್ಲಿ. ಮನೆಗೆ ಬಂದದ್ದನ್ನೆಲ್ಲ ಸ್ಯಾನಿಟೈಸರ್‌ನಿಂದ ಒರೆಸುತ್ತಿದ್ದ ದಿನಗಳು. ನನ್ನ ಮಗಳ ಬಾಲ್ಯದ ಕೆಂಪು ಉರುಟು ಗೊಂಬೆಯೊಂದನ್ನೂ ಅದೇ ಬಟ್ಟೆಯಿಂದ ಒರೆಸಿದೆ. ಬಿಳಿ ಬಟ್ಟೆಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಹತ್ತಿತು. ಗಾಬರಿಯಲ್ಲಿ ಗೊಂಬೆಯ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದೆ. ಮೈ ಅಂಟಂಟಾಗಿತ್ತು. ಒಣಗಿದ ಮೇಲೆ ನೋಡಿದರೆ ನನ್ನ ಹೆಬ್ಬೆರಳಿನ ಗೆರೆಗಳು ಅರಗಿನಲ್ಲಿ ಅಚ್ಚಾಗಿ ಕೂತಿದ್ದವು, ಈಗಲೂ ಇವೆ. ಸ್ಪಿರಿಟ್ ಅರಗನ್ನು ಕರಗಿಸುತ್ತದೆ ಎಂಬುದು ಪ್ರತಿಯೊಬ್ಬ ಬಡಗಿಗೂ ಗೊತ್ತಿದ್ದ ಸಂಗತಿ. ಅವರು ಪಾಲಿಶ್ ಕಲಸುವುದೇ ಹಾಗೆ. ನಾನು ಒಂದು ಮಾತು ಕೇಳಬಹುದಿತ್ತು. ನಿಮ್ಮ ಮನೆಯಲ್ಲಿ ಯಾರೂ ಆ ಬಾಟಲಿಯನ್ನಾಗಲಿ, ಗಾಜು ಒರೆಸುವ ಸ್ಪ್ರೇಯನ್ನಾಗಲಿ ಶೆಲ್ಫಿನ ಹತ್ತಿರ ತರದಂತೆ ನೋಡಿಕೊಳ್ಳಿ.

ನಿಮ್ಮ ಚನ್ನಪಟ್ಟಣದವು ಮಂಕಾಗಿರುವುದು ಬಹುಶಃ ಒರೆಸಿದಾಗ ಉಳಿದ ತೆಳುಪೊರೆಯಿಂದ. ಕುಂಚದಿಂದ ಧೂಳು ತೆಗೆದ ಮೇಲೆ, ಒಣ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಒತ್ತಡ ಹಾಕದೆ ಸುತ್ತಾಕಾರವಾಗಿ ತೀಡಿ. ಅಡಿಭಾಗದಲ್ಲಿ ಮೊದಲು ಪರೀಕ್ಷಿಸಿ. ಹೊಳಪು ಮೆಲ್ಲನೆ ಮೇಲೆ ಬರುತ್ತದೆ. ತೆಂಗಿನೆಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಧೂಳಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ.

ಕಿನ್ನಾಳದ ಹಸುವಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಕೊಪ್ಪಳ ಜಿಲ್ಲೆಯ ಆ ಊರಿನವರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚೂರು, ಮರದ ಹೊಟ್ಟು, ಹುಣಿಸೆ ಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟವನ್ನು ಮೈಗೆ ಬಳಿದು, ಅದರ ಮೇಲೆ ಬಣ್ಣ ಹಾಕುತ್ತಾರೆ. ಹುಣಿಸೆ ಬೀಜದ ಅಂಟಿಗೆ ನೀರು ತಾಗಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಕಾಲಿನ ಬಳಿ ಬಣ್ಣ ಎದ್ದಿರುವುದು ಅದಕ್ಕೇ. ಎದ್ದ ಚಕ್ಕೆಯನ್ನು ಫೆವಿಕಾಲ್ ಹಾಕಿ ಒತ್ತಬೇಡಿ, ಕುಂಚವನ್ನೂ ಅಲ್ಲಿ ಆಡಿಸಬೇಡಿ. ಉದುರಿದ ಚೂರಿದ್ದರೆ ಕಾಗದದಲ್ಲಿ ಮಡಚಿ, ಹಸುವಿನ ಜೊತೆಗೇ ಇಡಿ. ಕೊಂಡಪಲ್ಲಿಯ ಗಾಡಿಗೂ ನೀರು ನಿಷಿದ್ಧ, ಅದರ ಜೋಡಣೆಯೂ ಹುಣಿಸೆ ಬೀಜದ ಅಂಟಿನದೇ. ತಂಜಾವೂರಿನ ಗೊಂಬೆಯನ್ನು ಮಾತ್ರ ಭಾಗ ಭಾಗವಾಗಿ ಎತ್ತಿ ಕೆಳಗಿಟ್ಟು ಕುಂಚ ಹಿಡಿಯಿರಿ. ತಲೆ ಹಿಡಿದು ಇಡೀ ಗೊಂಬೆಯನ್ನು ಎತ್ತಬೇಡಿ.

ಕಾರುಗಳ ಬಿಳಿ ಪುಡಿ ಸತುವಿನ ಕಿಲುಬು. ಆ ಕಾರುಗಳ ಮೈ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ್ದು, ಬಣ್ಣ ಹೋದ ಕಡೆ ಉಪ್ಪು ತೇವ ಕಚ್ಚಿದೆ. ಒಣ ಕುಂಚದಿಂದ ತೆಗೆಯಿರಿ. ನೀರು ಬೇಕೇ ಬೇಕೆನ್ನಿಸುವುದು ಇಲ್ಲಿ ಮಾತ್ರ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಹತ್ತಿಕಡ್ಡಿ ಅದ್ದಿ, ಹಿಂಡಿ, ಆ ಜಾಗಕ್ಕಷ್ಟೇ ಮುಟ್ಟಿಸಿ, ಕೂಡಲೇ ಒಣ ಬಟ್ಟೆಯಿಂದ ಒತ್ತಿಬಿಡಿ. ಮೆತ್ತಗಿನ ಟೈರುಗಳ ಅಡಿಗೆ ಒಂದೊಂದು ಚೂರು ಕಾಗದ ಇಡಿ. ಅವು ವರ್ಷಗಟ್ಟಲೆ ಕೂತರೆ ಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿ ಅದನ್ನು ತಿನ್ನುವುದುಂಟು.

ಗಾಜಿನ ಕಪಾಟು ಖಂಡಿತ ಮಾಡಿಸಿ. ಧೂಳಿನ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ. ಬಾಗಿಲು ಮುಚ್ಚುವಲ್ಲಿ ಸ್ಪಂಜಿನ ಪಟ್ಟಿ ಅಂಟಿಸಲು ಹೇಳಿ. ಹೊರಗೋಡೆಗೆ ತಾಗಿಸಬೇಡಿ, ಎರಡು ಅಂಗುಲ ಬಿಟ್ಟು ನಿಲ್ಲಿಸಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಪಡುವಣ ಕಿಟಕಿಯ ಎದುರೂ ಬೇಡ. ಪ್ರತಿ ಅಂತಸ್ತಿನಲ್ಲಿ ಒಂದು ಚೀಲ ಸಿಲಿಕಾ ಜೆಲ್ (ತೇವ ಹೀರುವ ಹರಳು) ಮತ್ತು ಒಳಗೊಂದು ಪುಟ್ಟ ತೇವಮಾಪಕ ಇರಲಿ. ಮುಳ್ಳು 60ರ ಕೆಳಗಿದ್ದರೆ ಬೂಸ್ಟಿನ ಭಯ ಕಡಿಮೆ. ಮೇಲೇರಿದರೆ ಚೀಲ ಬದಲಿಸಿ. ನುಸಿಗುಳಿಗೆ ಬೇಡವೇ ಬೇಡ. ಅದರ ಹಬೆ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ, ಮುಚ್ಚಿದ ಗಾಜಿನೊಳಗೆ ಮನೆಯವರಿಗೂ ಒಳ್ಳೆಯದಲ್ಲ.

ವರ್ಷದ ದೊಡ್ಡ ಶುಚಿಗೆ ಪತ್ತನಾಜೆಯ (ಮೇ 24ರ ಸುಮಾರಿಗೆ) ಮುಂಚಿನ ವಾರ ಹಿಡಿಯಿರಿ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಕಪಾಟು ಮುಚ್ಚಿರಬೇಕು. ಆ ವಾರ ಗಾಳಿ ಇನ್ನೂ ಸ್ವಲ್ಪ ಒಣಗಿರುತ್ತದೆ, ಒಳಗೆ ಸಿಕ್ಕಿಕೊಳ್ಳುವ ತೇವವೂ ಕಡಿಮೆ. ಆಮೇಲೆ ಸೋಣ ತಿಂಗಳು (ಸೆಪ್ಟೆಂಬರ್ ನಡು) ಮುಗಿಯುವವರೆಗೆ ಬಾಗಿಲು ತೆರೆಯುವುದು ಆದಷ್ಟು ಕಡಿಮೆ ಇರಲಿ, ಗಾಜಿನ ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರಾಯಿತು. ಬಿಳಿ ಬೂಸ್ಟು ಕಂಡರೆ ಆ ಒಂದನ್ನೇ ಹೊರತೆಗೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಯಲ್ಲಿ ಒಣ ಕುಂಚದಿಂದ ತೆಗೆಯಿರಿ.

ಇನ್ನೊಂದು. ವರ್ಗವಾದ ಊರುಗಳಿಂದ ತಂದವರು ಎಷ್ಟೋ ಸಲ ಆಟಿಕೆಯ ಅಡಿಯಲ್ಲಿ ಊರು, ಇಸವಿ ಬರೆದಿಡುತ್ತಾರೆ. ಕುಂಚ ಹಿಡಿಯುವ ಮುಂಚೆ 86ನ್ನೂ ಒಮ್ಮೆ ತಿರುಗಿಸಿ ನೋಡಿ. ನಿಮ್ಮ ತಂದೆಯವರ ಅಕ್ಷರ ಸಿಕ್ಕಿದರೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಆ ಜಾಗವನ್ನು ಒಣ ಬಟ್ಟೆಯಿಂದಲೂ ಉಜ್ಜಬೇಡಿ. ಹಸುವಿನ ಕಾಲಿನ ಬಳಿ ಬಣ್ಣ ಏಳುವುದು ಮಳೆಗಾಲದಲ್ಲಿ ಹೆಚ್ಚಾದರೆ, ಅದರ ಚಿತ್ರದೊಂದಿಗೆ ನನಗೆ ಮತ್ತೆ ಬರೆಯಿರಿ.