ಮೊದಲ ಕಂಪ್ಯೂಟರ್ ನೀವೇ ಜೋಡಿಸುತ್ತೀರಾ? ಪಟ್ಟಿಯಲ್ಲಿ ಗೋಡೆಯ ಪ್ಲಗ್ಗೂ ಇರಲಿ

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವನು, ಬಿಸಿಎ ಓದುತ್ತಿದ್ದೇನೆ. ಮೊದಲ ಸಲ ನಾನೇ ಡೆಸ್ಕ್‌ಟಾಪ್ ಜೋಡಿಸಬೇಕು ಅಂದುಕೊಂಡಿದ್ದೇನೆ. ನನ್ನ ಪಟ್ಟಿ: ರೈಜೆನ್ 5 7600 ಪ್ರೊಸೆಸರ್, ಪರಿಚಯದವರ ಹತ್ತಿರ ಅಗ್ಗಕ್ಕೆ ಸಿಗುತ್ತಿರುವ ಬಿ450 ಮದರ್‌ಬೋರ್ಡ್, ಅಣ್ಣ ಕೊಟ್ಟಿರುವ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಕ್ಯಾಬಿನೆಟ್ ಜೊತೆಗೇ ಬರುವ 450 ವ್ಯಾಟ್ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ. ಕೋಡಿಂಗ್, ಸ್ವಲ್ಪ ವಿಡಿಯೊ ಎಡಿಟಿಂಗ್, ಬಿಡುವಾದರೆ ಗೇಮ್. ಇವೆಲ್ಲ ಒಂದಕ್ಕೊಂದು ಹೊಂದುತ್ತವಾ? ಮನೆಯ ಇನ್ವರ್ಟರ್‌ಗೇ ಹಾಕಿದರೆ ಸಾಕಾ, ಬೇರೆ ಯುಪಿಎಸ್ ಬೇಕಾ?

ಉತ್ತರ: ಹೊಂದುವುದಿಲ್ಲ. ದುಡ್ಡು ಕೊಡುವ ಮೊದಲೇ ಕೇಳಿದಿರಲ್ಲ, ಒಳ್ಳೆಯದಾಯಿತು. ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್.ಪಿ. ರೋಡಿನಿಂದ ತರಿಸಿದ ಮಾಲನ್ನು ತೀರ್ಥಹಳ್ಳಿಯಿಂದ ವಾಪಸ್ ಕಳಿಸುವ ರಗಳೆ ಯಾರಿಗೆ ಬೇಕು.

ರೈಜೆನ್ 5 7600 ಎಎಂ5 ಸಾಕೆಟ್‌ನದ್ದು (ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಅದರ ಅಡಿ ಸಪಾಟಾಗಿರುತ್ತದೆ, 1718 ಪಿನ್‌ಗಳು ಬೋರ್ಡಿನ ಕಡೆ ಇರುತ್ತವೆ. ಬಿ450 ಬೋರ್ಡ್ ಎಎಂ4. ಅಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ, ಬೋರ್ಡಿನಲ್ಲಿ 1331 ತೂತುಗಳು. ಕೂರುವ ಮಾತೇ ಇಲ್ಲ. ಎಎಂ5ಗೆ ಹೋದರೆ ಅಣ್ಣನ ರ‍್ಯಾಮ್ ಕೂಡ ದಂಡ, ಯಾಕೆಂದರೆ ಎಎಂ5 ಬೋರ್ಡ್‌ಗಳು ಡಿಡಿಆರ್5 ಬಿಟ್ಟು ಬೇರೆ ಏನನ್ನೂ ಒಪ್ಪುವುದಿಲ್ಲ.

ಹಾಗಾಗಿ ಎರಡು ದಾರಿ. ಒಂದು, 7600 ಇಟ್ಟುಕೊಂಡು ಬೋರ್ಡು (ಎ620 ಅಥವಾ ಬಿ650), ರ‍್ಯಾಮ್ ಎರಡನ್ನೂ ಹೊಸದಾಗಿ ಕೊಳ್ಳುವುದು. ಇನ್ನೊಂದು, ಬೋರ್ಡು ಮತ್ತು ರ‍್ಯಾಮ್ ಇಟ್ಟುಕೊಂಡು ಪ್ರೊಸೆಸರನ್ನು ರೈಜೆನ್ 5 5600ಜಿಗೆ ಬದಲಿಸುವುದು. ನಾನಾದರೆ ಎರಡನೆಯದಕ್ಕೇ ಹೋಗುತ್ತೇನೆ. ಉಳಿತಾಯವೊಂದೇ ಕಾರಣವಲ್ಲ. 7600ರೊಳಗಿನ ಗ್ರಾಫಿಕ್ಸ್ ಪರದೆ ಬೆಳಗಿಸಲು ಇರುವ ಚಿಕ್ಕ ಘಟಕ. 5600ಜಿ ಹಳೆಯದಾದರೂ ಗ್ರಾಫಿಕ್ಸ್‌ನಲ್ಲಿ ಅದಕ್ಕಿಂತ ಮುಂದಿದೆ. ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದೆರಡು ವರ್ಷದಲ್ಲಿ ದೊಡ್ಡ ಕಾರ್ಡ್, ಇನ್ನೂ ಹೊಸ ಪ್ರೊಸೆಸರ್ ಹಾಕುವ ಆಸೆ ಗಟ್ಟಿಯಾಗಿದ್ದರೆ ಮಾತ್ರ ಎಎಂ5ಗೆ ಖರ್ಚು ಮಾಡಿ. ಅಂದ ಹಾಗೆ, ಹೆಸರಿನ ಕೊನೆಯ 'ಜಿ' ಮರೆಯಬೇಡಿ. ಬರೀ 5600ರಲ್ಲಿ ಗ್ರಾಫಿಕ್ಸೇ ಇಲ್ಲ, ಕಾರ್ಡ್ ಹಾಕುವವರೆಗೆ ಪರದೆ ಕಪ್ಪಾಗೇ ಇರುತ್ತದೆ.

ಹಳೇ ಬೋರ್ಡಿನಲ್ಲಿ ಒಂದು ಸಿಕ್ಕು ಇದೆ. ಬಿ450 ಬಂದದ್ದು 2018ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಬೋರ್ಡಿನ ಬಯಾಸ್ (ಆನ್ ಮಾಡಿದ ಕೂಡಲೇ ಓಡುವ, ಬೋರ್ಡಿನೊಳಗೇ ಇರುವ ತಂತ್ರಾಂಶ) ಹಳೆಯದಾಗಿದ್ದರೆ ಅದಕ್ಕೆ ಈ ಪ್ರೊಸೆಸರ್ ಗುರುತೇ ಸಿಗುವುದಿಲ್ಲ. ಬೋರ್ಡ್ ಮಾಡಿದ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾಡೆಲ್ ಹುಡುಕಿ, 'ಸಿಪಿಯು ಸಪೋರ್ಟ್' ಪಟ್ಟಿ ತೆರೆಯಿರಿ. ಪ್ರತಿ ಪ್ರೊಸೆಸರ್ ಎದುರು ಯಾವ ಬಯಾಸ್ ಆವೃತ್ತಿಯಿಂದ ಅದು ನಡೆಯುತ್ತದೆ ಅಂತ ಬರೆದಿರುತ್ತದೆ. ಮಾರುವವರ ಹತ್ತಿರ ಬೋರ್ಡ್ ಆನ್ ಮಾಡಿಸಿ, ಬಯಾಸ್ ಪರದೆಯಲ್ಲಿ ಆ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇದೆಯಾ ನೋಡಿ. ಇಲ್ಲದಿದ್ದರೆ ಅಪ್‌ಡೇಟ್ ಮಾಡಿಸಿಯೇ ಮನೆಗೆ ತನ್ನಿ. ಮನೆಗೆ ತಂದ ಮೇಲೆ ಗೊತ್ತಾದರೆ, ಅಪ್‌ಡೇಟ್ ಮಾಡಲು ಹಳೇ ಎಎಂ4 ಪ್ರೊಸೆಸರ್ ಇರುವವರನ್ನು ಹುಡುಕಿಕೊಂಡು ಓಡಾಡಬೇಕಾದೀತು.

ಅಣ್ಣ ಕೊಟ್ಟ ರ‍್ಯಾಮ್ ಲ್ಯಾಪ್‌ಟಾಪ್‌ನದ್ದಲ್ಲ ತಾನೆ? ಅಳತೆ ಮಾಡಿ. ಡೆಸ್ಕ್‌ಟಾಪ್ ರ‍್ಯಾಮ್ ಪಟ್ಟಿ ಸುಮಾರು 13 ಸೆಂಟಿಮೀಟರ್ ಉದ್ದ, ಲ್ಯಾಪ್‌ಟಾಪ್‌ನದ್ದು 7ರ ಒಳಗೆ. ಡೆಸ್ಕ್‌ಟಾಪ್‌ನದ್ದೇ ಆದರೆ ಎರಡನ್ನೂ ಹಾಕಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. 5600ಜಿಯ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಇದೇ ರ‍್ಯಾಮ್‌ನಿಂದ ಪಾಲು ತೆಗೆದುಕೊಳ್ಳುತ್ತದೆ. ಒಂದೇ ಪಟ್ಟಿ ಹಾಕಿದರೆ ಗೇಮ್ ತೆವಳುತ್ತದೆ.

ಎಸ್‌ಎಸ್‌ಡಿ ಸರಿ ಇದೆ. ಕ್ಯಾಬಿನೆಟ್ ಕೂಡ ಬೋರ್ಡಿನ ಅಳತೆಗೆ ಆಗುವಂಥದ್ದಾದರೆ ಸಾಕು. ಬೋರ್ಡಿನಲ್ಲಿ ಎಲ್ಲೆಲ್ಲಿ ಸ್ಕ್ರೂ ತೂತು ಇದೆಯೋ ಅಲ್ಲಿ ಮಾತ್ರ ಕ್ಯಾಬಿನೆಟ್‌ನ ಹಿತ್ತಾಳೆ ಗೂಟಗಳಿರಲಿ. ತೂತಿಲ್ಲದ ಕಡೆ ಒಂದು ಗೂಟ ಉಳಿದರೂ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು.

ಪವರ್ ಸಪ್ಲೈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕ್ಯಾಬಿನೆಟ್ ಜೊತೆ ಬರುವ '450 ವ್ಯಾಟ್' ಡಬ್ಬದ ಪಕ್ಕದ ಸ್ಟಿಕ್ಕರ್ ಓದಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ, 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ ಕೈಗೆ ಸಿಗುವುದು 216 ವ್ಯಾಟ್, ಉಳಿದದ್ದು ಸುಮ್ನೆ ಪೆಟ್ಟಿಗೆ ಮೇಲಿನ ಅಂಕಿ. ನಿಮ್ಮ ಯಂತ್ರ 150 ವ್ಯಾಟ್ ದಾಟುವುದು ಅಪರೂಪ, ಹಾಗಾಗಿ ಲೆಕ್ಕಕ್ಕೆ ಅದೂ ಸಾಕು. ಆದರೆ ಏರಿಳಿಯುವ ಮಲೆನಾಡಿನ ಕರೆಂಟಿಗೆ ಸಾಲದು. ಒಳ್ಳೇ ಹೆಸರಿರುವ ಕಂಪನಿಯ 550 ವ್ಯಾಟ್‌ನದ್ದು ತೆಗೆದುಕೊಳ್ಳಿ. ಮುಂದೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಹಾಕಲೂ ಅದು ಆಗುತ್ತದೆ.

ಇನ್ನು ಇನ್ವರ್ಟರ್. ತುಂಬಾ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗಿಳಿದ ಕರೆಂಟನ್ನು ಅದು ಒಪ್ಪುವುದಿಲ್ಲ. ತೋಟಕ್ಕೆ ಪಂಪ್‌ಸೆಟ್ ಓಡುವ ಹೊತ್ತಿಗೆ ನಿಮ್ಮಲ್ಲಿ ವೋಲ್ಟೇಜ್ ಬೀಳುತ್ತದೆ ಅಂದರೆ, ಕರೆಂಟ್ ಇದ್ದರೂ ಇಡೀ ಮನೆ ಬ್ಯಾಟರಿ ಮೇಲೇ ನಡೆದು ಕೊನೆಗೆ ಅದೂ ಖಾಲಿ. ಅಂಥ ಮನೆಗೆ ಕಂಪ್ಯೂಟರ್‌ಗೆಂದೇ ಒಂದು 600 ವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್ (ವೋಲ್ಟೇಜ್ ಏರಿಳಿದರೆ ಬ್ಯಾಟರಿಗೆ ಹೋಗದೆ ತಾನೇ ಸರಿಪಡಿಸುವಂಥದ್ದು) ಉತ್ತಮ. ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ, ಮಾನಿಟರ್ ಸೇರಿಸಿದರೂ ನಿಮಗೆ ಸಾಕು. ಪೆಟ್ಟಿಗೆ ಮೇಲೆ ಇನ್‌ಪುಟ್ 145ರಿಂದ 290 ವೋಲ್ಟ್ ಅಂತ ಅಗಲವಾಗಿರುವುದನ್ನೇ ಕೇಳಿ. ಕೆಲಸ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ, ಅದಕ್ಕಿಂತ ಜಾಸ್ತಿ ಕೇಳಬೇಡಿ.

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ಹಳೇ ಹಂಚಿನ ಮನೆ. ಹೊಸದಾಗಿ ಜೋಡಿಸಿದ ಕಂಪ್ಯೂಟರ್‌ನ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಪವರ್ ಸಪ್ಲೈ ಬದಲಿಸಬೇಕಾ?

ಉತ್ತರ: ಅದಕ್ಕಿಂತ ಮೊದಲು ಪ್ಲಗ್ ಪಾಯಿಂಟ್ ಬಿಚ್ಚಿಸಿ ನೋಡಿ. ಅರ್ಥಿಂಗ್‌ಗೆಂದು, ಅಂದರೆ ಕರೆಂಟನ್ನು ನೆಲಕ್ಕೆ ಇಳಿಸಲೆಂದು, ಮೂರನೇ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ. ಹಳೇ ಮನೆಗಳಲ್ಲಿ ಇದು ಮಾಮೂಲು. ಪವರ್ ಸಪ್ಲೈ ಒಳಗಿನ ಫಿಲ್ಟರ್ ಚೂರು ಕರೆಂಟನ್ನು ಅರ್ಥಿಂಗ್ ಕಡೆ ಬಿಡುವಂತೆಯೇ ಮಾಡಿರುತ್ತಾರೆ. ಅರ್ಥಿಂಗ್ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನ ತಗಡಿಗೆ ಬಂದು ನಿಲ್ಲುತ್ತದೆ. ಆದರೂ ಸುಮ್ಮನೆ ಬಿಡಬೇಡಿ. ನಾಳೆ ನಿಜವಾಗಿಯೂ ಶಾರ್ಟ್ ಆದರೆ ಆ ಕರೆಂಟಿಗೆ ಹೋಗಲು ನಿಮ್ಮ ಕೈ ಬಿಟ್ಟು ಬೇರೆ ದಾರಿಯಿರುವುದಿಲ್ಲ. ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಅರ್ಥಿಂಗ್ ಗುಂಡಿ ಮೊದಲೇ ಇದ್ದರೆ ಅದರ ತಂತಿ ತುಕ್ಕು ಹಿಡಿದಿದೆಯಾ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಅಷ್ಟಾದ ಮೇಲೂ ಜುಮ್ ಅಂದರೆ ಮಾತ್ರ ಪವರ್ ಸಪ್ಲೈ ಮೇಲೆ ಅನುಮಾನ ಪಡಿ.

ಏಪ್ರಿಲ್-ಮೇ ಗುಡುಗಿಗೆ ಅರ್ಥಿಂಗ್ ಒಂದೇ ಸಾಲದು. ದೂರದಲ್ಲಿ ಗುಡುಗು ಕೇಳಿಸುವಾಗಲೇ ಪ್ಲಗ್ ಕಿತ್ತಿಡಿ, ನೆಟ್‌ವರ್ಕ್ ಕೇಬಲ್ ಕೂಡ ತೆಗೆಯಿರಿ. ಫೈಬರ್‌ನಲ್ಲಿ ಸಿಡಿಲು ಹರಿಯುವುದಿಲ್ಲ ನಿಜ. ಆದರೆ ರೂಟರ್ ಕೂಡ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ, ಅಲ್ಲಿಂದ ಕಂಪ್ಯೂಟರ್‌ಗೆ ಬರುವುದು ತಾಮ್ರದ ತಂತಿ.

ಪ್ರಶ್ನೆ: ಐ5-12400ಎಫ್, ಹೊಸ ಗ್ರಾಫಿಕ್ಸ್ ಕಾರ್ಡ್, ಎಲ್ಲ ಹಾಕಿದ್ದೇನೆ. ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. (ಹೊಸನಗರ)

ಉತ್ತರ: ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಹಾಕಿದ್ದೀರಾ ನೋಡಿ. 'ಎಫ್' ಅಂದರೆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಆ ಕಿಂಡಿಯಿಂದ ಏನೂ ಬರುವುದಿಲ್ಲ. ಕೆಳಗೆ ಅಡ್ಡಲಾಗಿ ಕಾರ್ಡಿನ ಕಿಂಡಿಗಳಿವೆಯಲ್ಲ, ಅಲ್ಲಿಗೆ ಹಾಕಿ. ಆಗಲೂ ಬರದಿದ್ದರೆ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ವೈರ್ ಕೊಡಬೇಕಿತ್ತಾ ನೋಡಿ, ರ‍್ಯಾಮ್ ಬಿಚ್ಚಿ 'ಟಕ್' ಅನ್ನುವ ತನಕ ಒತ್ತಿ ಕೂರಿಸಿ.