ಹಳ್ಳಿಯ ಸರ್ಕಾರಿ ಶಾಲೆ ಯಾರ ಕೈಯಲ್ಲಿದೆ? ಅದರ ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಕರ್ನಾಟಕದಲ್ಲಿ ಶಿಕ್ಷಕರ ನೇಮಕ, ವರ್ಗಾವಣೆ, ಸಂಬಳ ಎಲ್ಲವೂ ರಾಜ್ಯ ಸರ್ಕಾರದ್ದು. ತಾಲ್ಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಜಿಲ್ಲೆಯಲ್ಲಿ ಉಪನಿರ್ದೇಶಕರು ನೋಡಿಕೊಳ್ಳುತ್ತಾರೆ. ಊರಿನವರ ಪಾಲಿಗೆ ಇರುವುದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಪೋಷಕರಲ್ಲೇ ಒಬ್ಬರು ಅಧ್ಯಕ್ಷರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ.

ಶಾಲೆ ತಾನೇ ಖರ್ಚು ಮಾಡಬಹುದಾದ ಮುಖ್ಯ ಹಣ ಸಮಗ್ರ ಶಿಕ್ಷಣ ಎಂಬ ಕೇಂದ್ರ-ರಾಜ್ಯ ಜಂಟಿ ಯೋಜನೆಯ ಶಾಲಾ ಅನುದಾನ. ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಎಡವಟ್ಟು ಇಲ್ಲೇ: ಮೊತ್ತ ನಿಗದಿಯಾಗುವುದು ದಾಖಲಾತಿಯ ಮೇಲೆ. 31ರಿಂದ 100 ಮಕ್ಕಳಿದ್ದರೆ ವರ್ಷಕ್ಕೆ 25,000 ರೂಪಾಯಿವರೆಗೆ, 30 ಅಥವಾ ಅದಕ್ಕಿಂತ ಕಡಿಮೆಯಾದರೆ 10,000. ಒಂದನೇ ತರಗತಿಗೆ ಇಬ್ಬರು ಕಡಿಮೆ ಸೇರಿ ಸಂಖ್ಯೆ 32ರಿಂದ 30ಕ್ಕೆ ಇಳಿದರೆ 15,000 ಹೋಯಿತು. ಸೋರುವ ಹೆಂಚು, ಶೌಚಾಲಯದ ಫಿನಾಯಿಲ್, ಸೀಮೆಸುಣ್ಣದ ಖರ್ಚು ಮಾತ್ರ ಇಳಿಯುವುದಿಲ್ಲ. ತಿಂಗಳಿಗೆ ಸುಮಾರು 830 ರೂಪಾಯಿಯಲ್ಲಿ ಏನು ಮಾಡಲಾದೀತು? ಅದರಲ್ಲೂ ಕನಿಷ್ಠ ಶೇ. 10 ಸ್ವಚ್ಛತೆಗೇ ಮೀಸಲು. ಬಿಸಿಯೂಟದ ಲೆಕ್ಕ ಬೇರೆ, ಅದನ್ನು ಇದಕ್ಕೆ ತಿರುಗಿಸುವಂತಿಲ್ಲ.

ಕಲಿಕೆಯ ಬಗ್ಗೆ ಹೇಳುವುದಾದರೆ, ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 44.8. ಸಣ್ಣ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಒಂದೇ ಕೋಣೆಯಲ್ಲಿ ಮೂರ್ನಾಲ್ಕು ತರಗತಿ ನಡೆಸುವುದುಂಟು. ಖಾಲಿ ಇರುವ ಕಾಯಂ ಶಿಕ್ಷಕರ ಹುದ್ದೆ ತುಂಬುವ ಅಧಿಕಾರ ಎಸ್‌ಡಿಎಂಸಿಗಿಲ್ಲ, ಠರಾವು ಬರೆದು ಬಿಇಒ ಕಚೇರಿಗೆ ಕೊಡಬಹುದು ಅಷ್ಟೇ.