ಎಂಟು ಕೋರಿನ ಹಳೆ ಜಿಯಾನ್ ಕೊಳ್ಳಲೇ?

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಜಿಯಾನ್ ಇ5-2670 (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಇರುವ ಕಂಪ್ಯೂಟರ್ ಅಗ್ಗಕ್ಕೆ ಸಿಗುತ್ತಿದೆ. ಎಂಟು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ)! ಮನೆಯ ಫೋಟೊ, ವಿಡಿಯೊ ಇಡಲು ಹಗಲೂ ರಾತ್ರಿ ಓಡಿಸಬೇಕು. ಇಂಟೆಲ್‌ನದೇ ಇನ್ನೊಂದು ಪ್ರೊಸೆಸರ್ ಐ3-12100ಟಿಯಲ್ಲಿ ನಾಲ್ಕೇ ಕೋರ್. ಯಾವುದು ಕೊಳ್ಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಕೋರ್ ಎಣಿಸಿ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಆ ಜಿಯಾನ್ 2012ರದು, 115 ವಾಟ್. ಐ3 2022ರದು, 35 ವಾಟ್. ಹೊಸದರ ಒಂದೊಂದು ಕೋರೂ ಹಳೆಯದರ ಸುಮಾರು ಎರಡರಷ್ಟು ಕೆಲಸ ಮಾಡುತ್ತದೆ. ಹಾಗಾಗಿ ನಾಲ್ಕೇ ಇದ್ದರೂ ಎಂಟಕ್ಕೆ ಸೋಲುವುದಿಲ್ಲ.

ನಮ್ಮ ಮನೆಯ ಜಿಯಾನ್ ಸುಮ್ನೆ ಕೂತಿದ್ದಾಗಲೇ ಮೀಟರಿನಲ್ಲಿ 95 ವಾಟ್ ತೋರಿಸುತ್ತಿತ್ತು. ಈಗಿನ ಐ3 ಡಬ್ಬಿ 15. ಆ 80 ವಾಟ್ ವ್ಯತ್ಯಾಸವೇ ತಿಂಗಳಿಗೆ 57 ಯೂನಿಟ್ ಮೀರುತ್ತದೆ. ನಿಮ್ಮ ಕರೆಂಟ್ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಫ್ಯಾನ್ ಸದ್ದಿಗೆ ಅಮ್ಮ ಬೈದದ್ದು ಬೇರೆ. ಜಿಯಾನ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸೂ ಇಲ್ಲ, ಅದಕ್ಕೊಂದು ಕಾರ್ಡ್ ಹಾಕಬೇಕು. ಐ3ಯಲ್ಲಿ ಅದು ಒಳಗೇ ಇದೆ.

ನೂರಾರು ಜಿಬಿ ರ್‍ಯಾಮ್, 40 ಪಿಸಿಐಇ ಲೇನ್ (ಕಾರ್ಡ್, ಡಿಸ್ಕ್ ಜೋಡಿಸುವ ದಾರಿ) ಬೇಕಿದ್ದರೆ ಜಿಯಾನ್ ಸರಿ. ನಿಮ್ಮ ಫೋಟೊಗಳಿಗೆ ಅಷ್ಟೆಲ್ಲ ಜಾಸ್ತಿಯಾಯಿತು, ಅಲ್ವಾ? ಐ3 ತೆಗೆದುಕೊಳ್ಳಿ.